ಭಾಷೆ ಕಲಿಯುವ ಹಂಬಲ, ಊರೂರು ತಿರುಗುವ ಆಸೆ: ಇವು ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ದಾರಿಯಾಗಬಲ್ಲವೇ?

ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಊರು ಜಗಳೂರು ತಾಲ್ಲೂಕಿನದು, ಮನೆಮಾತು ಕನ್ನಡ. ನಗರದಲ್ಲಿ ಬಾಡಿಗೆಗಿದ್ದ ಓಣಿಯಲ್ಲಿ ಉರ್ದು ಕಲಿತೆ. ಹಾಸ್ಟೆಲಿನ ಗೆಳತಿಯಿಂದ ಎರಡು ವರ್ಷಗಳಿಂದ ಲಂಬಾಣಿ ಕಲಿಯುತ್ತಿದ್ದೇನೆ. ಹೊಸ ಊರಿಗೆ ಹೋದಾಗ ಅಲ್ಲಿನವರು ನೀರಿಗೆ, ನೋವಿಗೆ, ನೆಂಟಸ್ತಿಕೆಗೆ ಏನೆನ್ನುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಚಿಕ್ಕಂದಿನಿಂದ ಬಂದ ಅಭ್ಯಾಸ.

ಕಳೆದ ಫೆಬ್ರುವರಿಯಲ್ಲಿ ಗೆಳತಿಯ ಮನೆಯವರೊಂದಿಗೆ ಸೇವಾಲಾಲ್ ಜಯಂತಿಗೆಂದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗಿದ್ದೆ. ಅಲ್ಲಿ ಗೆಳತಿಯ ಅಜ್ಜಿ ತಪಾಸಣೆ ಮಾಡಿಸಿಕೊಂಡು ಬಂದು ಒಂದು ಚೀಟಿಯನ್ನು ನನ್ನ ಕೈಗಿತ್ತರು. ಅದರಲ್ಲಿ ‘ರಕ್ತಹೀನತೆ’ ಎಂದು ಬರೆದಿತ್ತು. ಅದಕ್ಕೆ ಲಂಬಾಣಿಯಲ್ಲಿ ಸರಿಯಾದ ಮಾತು ನಮ್ಮಿಬ್ಬರಿಗೂ ಹೊಳೆಯದೆ, ‘ಮೈಯಲ್ಲಿ ರಕ್ತ ಕಡಿಮೆಯಾಗಿದೆಯಂತೆ’ ಎಂದು ಹೇಳಿದೆವು. ಅಜ್ಜಿ ಗಾಬರಿಯಾಗಿ, ‘ನನಗೆ ಗಾಯವೇ ಆಗಿಲ್ಲವಲ್ಲ, ರಕ್ತ ಎಲ್ಲಿ ಹೋಯಿತು?’ ಎಂದು ಕೇಳಿದರು. ಒಂದು ಮರದ ನೆರಳಿನಲ್ಲಿ ಕುಳಿತು, ರಕ್ತಕ್ಕೆ ಕೆಂಪು ಕೊಡುವ ಅಂಶ ಕಡಿಮೆಯಾದರೆ ದುಡಿಯುವ ಶಕ್ತಿ ಹೇಗೆ ಕುಗ್ಗುತ್ತದೆ ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅದು ಅರ್ಥವಾದ ಮೇಲೆಯೇ ಅವರು ನಾಲ್ಕು ವರ್ಷಗಳಿಂದ ಕಾಡುತ್ತಿದ್ದ ಸುಸ್ತಿನ ಬಗ್ಗೆ ಮೊದಲ ಬಾರಿಗೆ ಬಾಯಿಬಿಟ್ಟರು.

ಆ ಅರ್ಧ ಗಂಟೆಯಂಥ ಕೆಲಸವನ್ನು ಜೀವನಪೂರ್ತಿ ಮಾಡಬೇಕೆಂದು ಅನ್ನಿಸಿದೆ. ಮನೆಯಲ್ಲಿ ಬಿ.ಎಡ್. ಮಾಡು ಎನ್ನುತ್ತಾರೆ. ವೈದ್ಯಕೀಯ ಓದದ, ಭಾಷೆ ಮತ್ತು ತಿರುಗಾಟವನ್ನಷ್ಟೇ ಬಂಡವಾಳವಾಗಿಟ್ಟುಕೊಂಡ ನನ್ನಂಥವಳಿಗೆ ಸಾರ್ವಜನಿಕ ಆರೋಗ್ಯದಲ್ಲಿ ಜಾಗವಿದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಆಶಾ ಸುಗಮಕಾರ್ತಿ, ಹೊನ್ನಾಳಿ ಕಡೆಯವರು

ತಂಗೀ, ನಿನ್ನ ಬರಹ ಓದಿ ಸಂತೋಷವಾಯಿತು. ಆಶಾ ಕಾರ್ಯಕರ್ತೆಯಾಗಿ ಶುರು ಮಾಡಿ ಈಗ ಆಶಾ ಕಾರ್ಯಕರ್ತೆಯರಿಗೆ ನೆರವಾಗಿ ಅವರ ಕೆಲಸ ನೋಡಿಕೊಳ್ಳುವ ಸುಗಮಕಾರ್ತಿಯಾಗಿರುವ ನಾನು ಓದಿದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ಆದ್ದರಿಂದ ಪದವಿಗಳ ವಿಚಾರವನ್ನು ಬೇರೆಯವರು ಹೇಳಲಿ. ನಾನು ತಾಂಡದ ಮಾತು ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ನಾವು 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. ಮೊದಮೊದಲು ನನಗೆ ಲಂಬಾಣಿಯಲ್ಲಿ ‘ಯಾಡಿ’ ಎಂದರೆ ತಾಯಿ ಎಂಬುದರ ಹೊರತು ಬೇರೇನೂ ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಬಾಣಂತಿಗೆ ಕನ್ನಡ ಬಾರದೆಂದು, ಶಾಲೆಗೆ ಹೋಗುವ ಅವಳ ಹಿರಿಯ ಮಗಳ ಬಾಯಿಂದ ಎಲ್ಲವನ್ನೂ ಕೇಳಿಸಿದೆ. ಹುಡುಗಿಗೆ ಹತ್ತು ವರ್ಷ. ಸ್ರಾವ ಎಷ್ಟು ಹೋಗುತ್ತಿದೆ, ವಾಸನೆ ಇದೆಯೇ ಎಂಬ ಪ್ರಶ್ನೆಗಳನ್ನು ಆ ಮಗು ತಾಯಿಗೆ ಹೇಗೆ ಕೇಳಬೇಕು? ಅದು ನಾಚಿ, ‘ಏನೂ ಇಲ್ಲವಂತೆ’ ಎಂದಿತು. ನಾನು ‘ಏನೂ ಇಲ್ಲ’ ಎಂದೇ ಬರೆದುಕೊಂಡು ಬಂದೆ. ಮುಂದಿನ ಭೇಟಿಯ ಹೊತ್ತಿಗೆ ಬಾಣಂತಿಗೆ ಚಳಿಜ್ವರ ಏರಿತ್ತು, ನಂಜಾಗಿತ್ತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು. ತಪ್ಪು ಆ ಹುಡುಗಿಯದಲ್ಲ, ನನ್ನದು. ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬಾರದೆಂದು ಅಂದೇ ನಿಶ್ಚಯಿಸಿ, ಸಂಜೆಯ ಹೊತ್ತು ತಾಂಡದ ಹಿರಿಯ ಹೆಂಗಸರ ಹತ್ತಿರ ಕುಳಿತು ಭಾಷೆ ಕಲಿತೆ. ಕಸೂತಿ ಹಾಕುತ್ತಾ ಅವರು ಹೇಳಿಕೊಡುತ್ತಿದ್ದರು. ಯಾವ ತರಬೇತಿಯಲ್ಲೂ ನನಗೆ ಅಷ್ಟು ತಾಳ್ಮೆಯ ಗುರುಗಳು ಸಿಕ್ಕಿಲ್ಲ.

ತಿರುಗಾಟದ ಬಗ್ಗೆಯೂ ಒಂದು ಮಾತಿದೆ. ನಮ್ಮ ತಾಂಡಗಳಿಂದ ಕಾಫಿ ಕೊಯ್ಲಿಗೆಂದು ಚಿಕ್ಕಮಗಳೂರು, ಕೊಡಗಿನ ಕಡೆಗೆ ಕುಟುಂಬ ಕುಟುಂಬವೇ ಹೋಗುತ್ತದೆ. ಲಸಿಕೆಯ ವಿವರವಿರುವ ತಾಯಿ ಕಾರ್ಡು ಊರಿನ ಪೆಟ್ಟಿಗೆಯಲ್ಲಿ, ಮಗು ತೋಟದ ಲೈನ್ ಮನೆಯಲ್ಲಿ. ಒಂದು ವರ್ಷ ನಾನೂ ಅವರ ಜೊತೆ ಬಸ್ಸು ಹತ್ತಿ ಎರಡು ದಿನ ಅಲ್ಲಿದ್ದು ಬಂದೆ. ಲಸಿಕೆಯ ದಿನ ಕೆಲಸ ಬಿಟ್ಟರೆ ಕೂಲಿ ಇಲ್ಲ. ಅಲ್ಲಿನ ಕಾರ್ಯಕರ್ತೆಯರ ಪಟ್ಟಿಯಲ್ಲಿ ಇವರ ಹೆಸರಿಲ್ಲ. ‘ಈ ತಾಯಂದಿರಿಗೆ ಲಸಿಕೆಯ ಮೇಲೆ ನಂಬಿಕೆ ಇಲ್ಲ’ ಎಂದು ನಾವು ಸಭೆಗಳಲ್ಲಿ ಹೇಳುತ್ತಿದ್ದ ಮಾತು ಎಷ್ಟು ತಪ್ಪೆಂದು ಆಗ ತಿಳಿಯಿತು. ಅಂದಿನಿಂದ ಹೊರಡುವ ಮುನ್ನ ಕಾರ್ಡನ್ನು ತಾಯಿಯ ಸೆರಗಿಗೇ ಕಟ್ಟಿ ಕಳಿಸುತ್ತೇವೆ, ಅಲ್ಲಿನವರಿಗೆ ಫೋನ್ ಮಾಡಿ ಹೆಸರು ಬರೆಸುತ್ತೇವೆ.

ರಜೆ ಇದ್ದಾಗ ಬಾ, ಒಂದು ವಾರ ನಮ್ಮೊಂದಿಗೆ ಮನೆಭೇಟಿಗೆ ನಡೆ.

ಕುತೂಹಲದ ಓದುಗ, ಹರಿಹರ

ಒಂದು ಪ್ರಶ್ನೆ. ಈಗ ಮೊಬೈಲಿನಲ್ಲಿಯೇ ಅನುವಾದದ ಸೌಲಭ್ಯ ಬಂದಿದೆ. ಇಷ್ಟು ಕಷ್ಟಪಟ್ಟು ಭಾಷೆ ಕಲಿಯುವ ಅಗತ್ಯ ಮುಂದೆಯೂ ಇರುತ್ತದೆಯೇ? ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದೇನೆ.

ನೇಕಾರರ ಮನೆಯವರು, ಮೊಳಕಾಲ್ಮೂರು. ಈಗ ಚಿತ್ರದುರ್ಗದಲ್ಲಿ ಆರೋಗ್ಯ ಸಂಶೋಧನೆಯ ಕೆಲಸ

ಮೇಲಿನ ಎರಡೂ ಪ್ರಶ್ನೆಗಳಿಗೆ ನನ್ನ ಬದುಕಿನಿಂದಲೇ ಉತ್ತರಿಸಬೇಕಾಗಿರುವುದರಿಂದ ಈ ಬರಹ ಸ್ವಲ್ಪ ದೀರ್ಘವಾಗುತ್ತದೆ.

ನಮ್ಮದು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಇದ್ದಾಗ, ಚಿಕ್ಕಪ್ಪನೊಂದಿಗೆ ಮೂರು ಚಳಿಗಾಲ ಕೋಲ್ಕತ್ತಾದ ವಸ್ತುಪ್ರದರ್ಶನಗಳಿಗೆ ಸೀರೆ ಮಾರಲು ಹೋದೆ. ಎರಡನೆಯ ವರ್ಷ ಅಲ್ಲಿ ನನಗೆ ಭೇದಿ ಹಿಡಿಯಿತು. ಬಂಗಾಳಿ ಬಾರದು, ಹಿಂದಿ ಅರೆಬರೆ. ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ‘ಪೇಟ್ ಮೆ ದರ್ದ್’ (ಹೊಟ್ಟೆನೋವು) ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವರು ಎದೆಯುರಿಯ ಮಾತ್ರೆ ಕೊಟ್ಟು ಕಳಿಸಿದರು. ರಾತ್ರಿಯ ಹೊತ್ತಿಗೆ ಎದ್ದು ನಿಲ್ಲಲಾಗಲಿಲ್ಲ. ಪಕ್ಕದ ಮಳಿಗೆಯ ಒಬ್ಬ ಹಿರಿಯ ಹೆಂಗಸು ನನ್ನ ಮುಖ ನೋಡಿ ‘ಪಾತಲಾ ಪಾಯಖಾನಾ?’ (ನೀರಾಗಿ ಭೇದಿಯೇ?) ಎಂದು ಕೈಸನ್ನೆಯೊಂದಿಗೆ ಕೇಳಿ, ಉಪ್ಪು–ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ನನ್ನ ಊರಿನಲ್ಲಿ ಎಷ್ಟೋ ಜನ ತೆಲುಗು ಭಾಷಿಕರು ಕನ್ನಡದ ಆಸ್ಪತ್ರೆಗಳ ಮುಂದೆ ಪ್ರತಿದಿನ ಹೀಗೆಯೇ ನಿಲ್ಲುತ್ತಾರೆಂಬುದು ಆ ರಾತ್ರಿಯವರೆಗೆ ನನಗೆ ಹೊಳೆದಿರಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಬಂಗಾಳಿ ಕಲಿತೆ. ಕಲಿತ ಮೇಲೆ ಅಲ್ಲಿನ ಇತಿಹಾಸವೂ ತೆರೆದುಕೊಂಡಿತು. 1971ರ ಯುದ್ಧದ ಸಮಯದಲ್ಲಿ ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ತಗುಲಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ನಂತರ ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ನಡೆದು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ನೀರಿಗೆ ಬೆರೆಸಿ ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಆದರೆ ಸಮೀಕ್ಷೆ ಮಾಡಿದಾಗ, ಕಲಿತವರೂ ಬಹಳಷ್ಟು ಸಲ ಅದನ್ನು ಬಳಸುತ್ತಿಲ್ಲವೆಂದು ಕಂಡುಬಂತು. ಕಾರಣ ಭಾಷೆಯಲ್ಲಿತ್ತು. ಕಾರ್ಯಕರ್ತೆಯರು ‘ಡೈರಿಯಾ’ ಎಂಬ ಒಂದೇ ಪದ ಬಳಸಿದ್ದರು. ಹಳ್ಳಿಯ ತಾಯಂದಿರಿಗಾದರೋ ಭೇದಿಯಲ್ಲಿ ನಾಲ್ಕು ಬಗೆಗಳಿದ್ದವು: ಹಾಲುಣ್ಣುವ ಕೂಸಿನ ‘ದೂದ್ ಹಾಗಾ’, ಅಜೀರ್ಣದ್ದು, ಆಮಶಂಕೆಯದು ಮತ್ತು ಕಾಲರಾದಂಥ ತೀವ್ರ ಭೇದಿ. ಕೊನೆಯದನ್ನು ಮಾತ್ರ ಅವರು ‘ಡೈರಿಯಾ’ ಎನ್ನುತ್ತಿದ್ದರು. ಹೇಳಿದ್ದನ್ನು ತಾಯಂದಿರು ಚಾಚೂ ತಪ್ಪದೆ ಪಾಲಿಸಿದ್ದರು. ಪದದ ಅಳತೆ ಬೇರೆಯಾಗಿತ್ತು, ಅಷ್ಟೇ. ಇದನ್ನು ಓದಿದ ದಿನ ನಾನು ಸೀರೆ ವ್ಯಾಪಾರ ಬಿಟ್ಟು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ನಿರ್ಧಾರ ಮಾಡಿದೆ.

ಓದು ಮುಗಿಸಿ ಊರ ಕಡೆಗೇ ಬಂದೆ. ಆಂಧ್ರದ ರಾಯದುರ್ಗ ನಮಗೆ ತೀರ ಹತ್ತಿರ. ಗಡಿಯ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಮಕ್ಕಳ ಕಾಯಿಲೆಗಳ ಸಮೀಕ್ಷೆಯೊಂದರಲ್ಲಿ ಕನ್ನಡದ ಹುಡುಗರು ತುಂಬಿಕೊಂಡು ಬಂದ ನಮೂನೆಗಳನ್ನು ನೋಡುತ್ತಿದ್ದೆ. ಒಂದು ವರ್ಷದೊಳಗಿನ ಹಲವು ಕೂಸುಗಳ ಮುಂದೆ ‘ಆಯಾಸ, ಸುಸ್ತು’ ಎಂದು ಬರೆದಿತ್ತು. ಆರು ತಿಂಗಳ ಕೂಸಿಗೆ ಆಯಾಸವೆಂದು ತಾಯಿ ಯಾಕೆ ಹೇಳುತ್ತಾಳೆ? ಒಂದು ಮನೆಗೆ ಹೋಗಿ ಕೇಳಿದೆ. ತಾಯಿ ಹೇಳಿದ್ದು, ‘ಪಾಪಕಿ ಆಯಾಸಂಗಾ ಉಂದಿ’ ಎಂದು. ಕನ್ನಡದಲ್ಲಿ ಆಯಾಸವೆಂದರೆ ದಣಿವು. ತೆಲುಗಿನಲ್ಲಿ ಆಯಾಸಂ ಎಂದರೆ ಏದುಸಿರು, ಉಸಿರು ಕಟ್ಟುವುದು. ಆಕೆ ಕೂಸಿನ ಉಸಿರಾಟದ ತೊಂದರೆಯನ್ನು ಹೇಳುತ್ತಿದ್ದಳು. ನಾವು ಅದನ್ನು ದಣಿವೆಂದು ದಾಖಲಿಸಿಕೊಂಡಿದ್ದೆವು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ ಉಸಿರಾಡಿದರೆ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾ ಎಂದು ಶಂಕಿಸಿ ತಡಮಾಡದೆ ಚಿಕಿತ್ಸೆ ಕೊಡಬೇಕೆಂಬುದು ಈ ಕೆಲಸದ ಮೊದಲ ಪಾಠ. ಎಣಿಸುವುದನ್ನು ನಮ್ಮ ಹುಡುಗರು ಚೆನ್ನಾಗಿ ಕಲಿತಿದ್ದರು. ಆದರೆ ಯಾವ ಮಗುವಿನ ಉಸಿರನ್ನು ಎಣಿಸಬೇಕೆಂದು ಸೂಚಿಸುವ ಪದವೇ ಅವರ ಕಿವಿಯಲ್ಲಿ ಬೇರೆ ಅರ್ಥ ಪಡೆದಿತ್ತು. ಆ ನಮೂನೆಗಳನ್ನೆಲ್ಲ ಕಟ್ಟಿಕೊಂಡು ಮರುದಿನವೇ ಮತ್ತೆ ಮನೆಮನೆಗೆ ಹೋದೆವು.

ಹರಿಹರದ ಓದುಗರಿಗೆ ಉತ್ತರ ಇದರಲ್ಲಿಯೇ ಇದೆ. ಲಿಪಿ ನೋಡಿ, ಒಂದೇ ರೂಪದ ಪದವನ್ನು ಒಂದೇ ಅರ್ಥದ್ದೆಂದು ನಂಬಿದರೆ ಯಂತ್ರವೂ ನಮ್ಮ ಹುಡುಗರಂತೆಯೇ ತಪ್ಪುತ್ತದೆ. ಯಂತ್ರ ಸುಧಾರಿಸಬಹುದು, ಆದರೆ ಆರು ತಿಂಗಳ ಕೂಸಿಗೆ ಆಯಾಸವೆಂಬ ಮಾತು ವಿಚಿತ್ರವಾಗಿದೆಯಲ್ಲ ಎಂದು ಅನುಮಾನಿಸಿ ಮತ್ತೊಮ್ಮೆ ಆ ಮನೆಗೆ ನಡೆದು ಹೋಗುವವರು ಬೇಕೇ ಬೇಕು.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಆ ಬಂಡೆಯ ಮುಂದೆ ನಿಂತಾಗಲೆಲ್ಲ, ಅಂದಿನ ಇಲ್ಲಿನ ಜನಕ್ಕೆ ಅದನ್ನು ಅವರ ಮಾತಿನಲ್ಲಿ ಓದಿ ಹೇಳಿದವರು ಯಾರಿರಬಹುದೆಂದು ಯೋಚಿಸುತ್ತೇನೆ. ವಿದ್ಯಾರ್ಥಿನಿ ಕೇಳುತ್ತಿರುವ ಜಾಗ ಅದೇ.

ನಿವೃತ್ತ ಆರೋಗ್ಯ ನಿರೀಕ್ಷಕ, ಚಳ್ಳಕೆರೆ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಈ ಹುಡುಗಿಗೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಈ ಕೆಲಸದ ಹೆಚ್ಚಿನ ಭಾಗ ನೀರಸವಾದದ್ದು. ರಿಜಿಸ್ಟರ್ ಬರೆಯಬೇಕು, ಮಲೇರಿಯಾ ಪರೀಕ್ಷೆಗೆ ರಕ್ತಲೇಪನ ತೆಗೆಯಬೇಕು, ಸಿಮೆಂಟ್ ತೊಟ್ಟಿಗಳಲ್ಲಿ ಬಗ್ಗಿ ಸೊಳ್ಳೆಯ ಮರಿ ಹುಡುಕಬೇಕು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಜನಸಾಗರ ಬರುತ್ತದೆ. ಅಲ್ಲಿ ನನ್ನ ಕೆಲಸವೆಂದರೆ ಬೆಳಗಿನ ಜಾವ ಎದ್ದು ಪ್ರತಿ ತೊಟ್ಟಿಗೂ ಬ್ಲೀಚಿಂಗ್ ಪುಡಿ ಹಾಕಿಸಿ, ಕೊನೆಯ ನಲ್ಲಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸುವುದು. ಅಲ್ಲಿ ಯಾವ ಭಾಷೆಯೂ ಸಹಾಯಕ್ಕೆ ಬರುವುದಿಲ್ಲ. ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದಕ್ಕೆ ಯಾರೂ ಹೊಗಳುವುದಿಲ್ಲ. ಅದನ್ನು ಸಹಿಸುವ ಮನಸ್ಸಿದ್ದರೆ ಮಾತ್ರ ಬರಬೇಕು.

ಭಾಷೆಯ ವಿಷಯಕ್ಕೆ ಬಂದರೆ, 1974ರಲ್ಲಿ ನಾನು ನೌಕರಿಗೆ ಸೇರಿದಾಗ ಸಿಡುಬಿನ ಹುಡುಕಾಟ ನಡೆಯುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಸಿಡುಬಾದರೂ, ನೀರುಕೋಟಲೆಯಾದರೂ, ದಡಾರವಾದರೂ ‘ಅಮ್ಮ ಬಂದಿದ್ದಾಳೆ’ ಎನ್ನುವುದೇ ರೂಢಿ. ಅದನ್ನು ರೋಗವೆಂದರೆ ದೇವಿಗೆ ಅಪಚಾರ. ಆದ್ದರಿಂದ ನಾವು ಹೆಸರನ್ನೇ ಹೇಳದೆ, ಮೈತುಂಬ ಗುಳ್ಳೆಗಳೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಸಂತೆಯಲ್ಲಿ, ಶಾಲೆಯಲ್ಲಿ ತೋರಿಸಿ, ‘ಇಂಥ ಮಗುವನ್ನು ಎಲ್ಲಾದರೂ ಕಂಡಿರಾ?’ ಎಂದು ಕೇಳುತ್ತಿದ್ದೆವು. ಸುದ್ದಿ ಕೊಟ್ಟವರಿಗೆ ಬಹುಮಾನವೂ ಇತ್ತು. ಕೊನೆಕೊನೆಗೆ ಅದು ಒಂದು ಸಾವಿರ ರೂಪಾಯಿಗೇರಿತ್ತು. ದೇಶದ ಕೊನೆಯ ಪ್ರಕರಣ 1975ರ ಮೇ ತಿಂಗಳಿನಲ್ಲಿ ಅಸ್ಸಾಮಿನಲ್ಲಿ ಸಿಕ್ಕಿತು. 1980ರಲ್ಲಿ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು. ಯಾವ ಪದವನ್ನು ಆಡಬಾರದೆಂದು ತಿಳಿಯುವುದೂ ಭಾಷಾಜ್ಞಾನವೇ ಎಂದು ನನಗೆ ಕಲಿಸಿದ್ದು ಆ ಕಾರ್ಡು.

ಹೀಗೆಯೇ, ಗೊಲ್ಲರಹಟ್ಟಿಗಳಲ್ಲಿ ಹೆಣ್ಣುಮಗಳು ‘ಹೊರಗಾಗಿದ್ದಾಳೆ’ ಎಂಬ ಮಾತನ್ನು ನಗರದವರು ಕೇಳಿದರೆ ಅದೊಂದು ನಯವಾದ ನುಡಿಗಟ್ಟೆಂದುಕೊಳ್ಳುತ್ತಾರೆ. ಮುಟ್ಟಾದವಳನ್ನೂ ಬಾಣಂತಿಯನ್ನೂ ಹಟ್ಟಿಯ ಆಚೆಯ ಗುಡಿಸಲಿನಲ್ಲಿ ಚಳಿ ಮಳೆಯಲ್ಲಿ ಇರಿಸುವ ಕಡೆ ಆ ಮಾತಿನ ಅಕ್ಷರಶಃ ಅರ್ಥವೇ ಅರ್ಥ. ಅಲ್ಲಿ ಕೂಗಾಡಿದವರು ಏನನ್ನೂ ಸಾಧಿಸಲಿಲ್ಲ. ವರ್ಷಗಟ್ಟಲೆ ಹೋಗಿ ಬಂದು, ಜಗುಲಿಯಲ್ಲಿ ಕುಳಿತು, ಹಿರಿಯ ಹೆಂಗಸರಿಂದಲೇ ‘ನಾವೂ ನೊಂದಿದ್ದೇವೆ’ ಎಂಬ ಮಾತನ್ನು ಹೊರಡಿಸಿದವರು ಕೆಲವು ಮನೆಗಳಲ್ಲಾದರೂ ಬಾಣಂತಿಯರನ್ನು ಒಳಗೆ ಕರೆತಂದರು.

ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕಿ, ದಾವಣಗೆರೆ

ನಿರೀಕ್ಷಕರ ಎಚ್ಚರಿಕೆಯನ್ನು ನಾನೂ ಅನುಮೋದಿಸುತ್ತೇನೆ, ಒಂದು ಸೇರ್ಪಡೆಯೊಂದಿಗೆ: ಭಾಷೆಯಿಂದ ಕೇಳಿಸಿಕೊಂಡದ್ದನ್ನು ಅಂಕಿಗಳಿಂದ ಪರೀಕ್ಷಿಸುವ ಶಿಸ್ತು ಬೇಕು. ವಿದ್ಯಾರ್ಥಿನಿ ಜಗಳೂರಿನವರಾದ್ದರಿಂದ ನೀರಿನ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ಜನ ನೀರನ್ನು ಸಿಹಿ ನೀರು, ಸಪ್ಪೆ ನೀರು, ಉಪ್ಪು ನೀರು ಎಂದು ನಾಲಿಗೆಯಿಂದ ವಿಂಗಡಿಸುತ್ತಾರೆ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಹಿ ನೀರೆಂದು ಹೊಗಳಿಸಿಕೊಂಡ ಕೊಳವೆಬಾವಿಯಲ್ಲಿಯೂ ಅದು ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ಮೀರಿರಬಹುದು. ಇದರ ಮೇಲೆ ನಾವೇ ಗೋಡೆಗೋಡೆಗಳಲ್ಲಿ ‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂದು ಬರೆಸಿದ್ದೇವೆ. ರೋಗಾಣುಗಳ ವಿಷಯದಲ್ಲಿ ಅದು ಸರಿಯಾದ ಮಾತು. ಆದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿದ ಊರಿನಲ್ಲಿ ಶ್ರದ್ಧೆಯಿಂದ ನೀರು ಕುದಿಸುವ ತಾಯಿಯನ್ನು ನಾನು ಕಂಡಿದ್ದೇನೆ. ‘ಶುದ್ಧ’ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳನ್ನು ತುಂಬಿ ಕೊಟ್ಟವರು ನಾವು.

ಹೆಸರಿನ ಪ್ರಭಾವಕ್ಕೆ ಇನ್ನೊಂದು ನಿದರ್ಶನ ಪಕ್ಕದ ಶಿವಮೊಗ್ಗ ಜಿಲ್ಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ರೋಗವನ್ನು ಜನ ‘ಮಂಗನ ಕಾಯಿಲೆ’ ಎಂದರು. ಮಂಗಗಳು ಸಾಯುವುದನ್ನು ಮೊದಲು ಗಮನಿಸಿದ ಆ ಹೆಸರು ಇಂದಿಗೂ ಒಳ್ಳೆಯ ಮುನ್ಸೂಚನೆಯೇ. ಆದರೆ ಮನುಷ್ಯರಿಗೆ ಅದು ತಗಲುವುದು ಮುಖ್ಯವಾಗಿ ಉಣುಗಿನ ಕಡಿತದಿಂದ ಎಂಬುದು ಹೆಸರಿನಲ್ಲಿ ಇಲ್ಲ. ಅದನ್ನು ಪ್ರತಿ ಬೇಸಿಗೆಯೂ ಹೊಸದಾಗಿ ಹೇಳಬೇಕಾಗುತ್ತದೆ.

ಓದಿನ ದಾರಿಯ ಬಗ್ಗೆ ಇಷ್ಟು ಹೇಳಬಲ್ಲೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯನ್ನು ಕೆಲವು ಸಂಸ್ಥೆಗಳು ವೈದ್ಯಕೀಯ ಮತ್ತು ಅದಕ್ಕೆ ಹತ್ತಿರದ ಪದವೀಧರರಿಗೆ ಮೀಸಲಿಟ್ಟಿವೆ, ಕೆಲವು ಸಮಾಜವಿಜ್ಞಾನ ಓದಿದವರನ್ನೂ ಸೇರಿಸಿಕೊಳ್ಳುತ್ತವೆ. ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಇವುಗಳ ಪ್ರವೇಶ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮಾಡಿ ಆರೋಗ್ಯ ಯೋಜನೆಗಳಿಗೆ ಬಂದವರೂ ಅನೇಕರಿದ್ದಾರೆ. ಯಾವ ದಾರಿ ಹಿಡಿದರೂ ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಅದೂ ಒಂದು ಭಾಷೆಯೆಂದುಕೊಂಡು, ಲಂಬಾಣಿ ಕಲಿತ ತಾಳ್ಮೆಯಿಂದಲೇ ಕಲಿಯಿರಿ. ಮತ್ತು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ: ಭಾಷೆ ಬಲ್ಲವರಿಗೆ ಜನ ಬೇಗ ಮನಸ್ಸು ಬಿಚ್ಚುತ್ತಾರೆ. ಹಾಗೆ ಕೇಳಿದ ಗುಟ್ಟು ಪಕ್ಕದ ಮನೆಗೆ ತಲುಪಿದರೆ, ಆ ಊರಿನಲ್ಲಿ ನಿಮ್ಮ ನಂತರ ಬರುವ ಯಾವ ಕಾರ್ಯಕರ್ತೆಯ ಮುಂದೆಯೂ ಯಾರೂ ಬಾಯಿ ತೆರೆಯುವುದಿಲ್ಲ.

ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಕ್ಕನವರು ಕರೆದಂತೆ ರಜೆಯಲ್ಲಿ ಆರು ದಿನ ಅವರೊಂದಿಗೆ ಮನೆಭೇಟಿಗೆ ಹೋಗಿ ಬಂದೆ. ಮೊದಲ ಎರಡು ದಿನ ನಾನು ಮಾತಾಡಿದ್ದೇ ಹೆಚ್ಚು. ಮೂರನೆಯ ದಿನ ಅಕ್ಕ ಮೆಲ್ಲಗೆ, ‘ಇವತ್ತು ಬರೀ ಕೇಳು’ ಎಂದರು. ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದೇನೆ. ಸಂಖ್ಯಾಶಾಸ್ತ್ರದ ಪುಸ್ತಕವನ್ನೂ ತಂದಿದ್ದೇನೆ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ.

ಮೊಳಕಾಲ್ಮೂರಿನವರಿಗೆ ಒಂದು ಪ್ರಶ್ನೆ. ನಮ್ಮೂರಿನಲ್ಲಿ ತೆಲುಗು ಮಾತಾಡುವ ಒಬ್ಬ ಅಮ್ಮ ‘ಗುಂಡೆ ದಡ’ ಎಂದು ಮತ್ತೆ ಮತ್ತೆ ಹೇಳುತ್ತಾರೆ. ಅದು ಹೆದರಿಕೆಯ ಮಾತೋ, ಕಾಯಿಲೆಯ ಮಾತೋ ನನಗೆ ಗೊತ್ತಾಗಲಿಲ್ಲ.

ನೇಕಾರರ ಮನೆಯವರು, ಚಿತ್ರದುರ್ಗ

ಎರಡಕ್ಕೂ ಬಳಸುತ್ತಾರೆ. ಗುಂಡೆ ಎಂದರೆ ಹೃದಯ. ದಡ ಎಂದರೆ ನಾವು ಎದೆ ಡವಡವ ಎನ್ನುತ್ತೇವಲ್ಲ, ಅದು. ನೀವಾಗಿ ಅರ್ಥ ನಿಶ್ಚಯಿಸಬೇಡಿ. ಯಾವಾಗ ಆಗುತ್ತದೆ, ನೀರು ಹೊತ್ತು ದಿಬ್ಬ ಹತ್ತುವಾಗಲೋ, ಸುಮ್ಮನೆ ಕುಳಿತಾಗಲೋ, ರಾತ್ರಿ ಯಾವುದಾದರೂ ನೆನಪು ಬಂದಾಗಲೋ ಎಂದು ಕೇಳಿ, ಅವರು ಹೇಳಿದ ಮಾತುಗಳಲ್ಲಿಯೇ ಬರೆದುಕೊಳ್ಳಿ. ಆಮೇಲೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ಎರಡನ್ನೂ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂದರೆ, ಸೂರಗೊಂಡನಕೊಪ್ಪದ ಅಜ್ಜಿಗೆ ಹೇಳಿದ ವಿವರಣೆಯನ್ನು ಈ ಅಮ್ಮನಿಗೆ ತೆಲುಗಿನಲ್ಲಿ ಹೇಗೆ ಹೇಳಬೇಕೆಂದು ನಾನು ಬರೆದು ಕಳಿಸುತ್ತೇನೆ.